ಅಡಿಟಿಪ್ಪಣಿಗೆ ಜಾಗ ಬಿಡುತ್ತಿದ್ದ ಅಪ್ಪನಿಗೆ

ನನ್ನ ಟೈಪಿಸ್ಟ್ ಅಪ್ಪಾ,

ಚಿತ್ರದುರ್ಗದ ಆ ಸಣ್ಣ ಅಂಗಡಿಯಲ್ಲಿ ನೀನು ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಳೆ ಏರಿಸುವ ಮೊದಲು ನೀನು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದೆ. ಅಡಿಟಿಪ್ಪಣಿ ಎಷ್ಟು ಸಾಲು ಬರುತ್ತದೆಂದು ಎಣಿಸಿ ಕೆಳಗೆ ಅಷ್ಟು ಜಾಗ ಬಿಡಬೇಕಲ್ಲ? ಲೆಕ್ಕ ತಪ್ಪಿದರೆ ಇಡೀ ಪುಟ ಮತ್ತೆ ಹೊಡೆಯಬೇಕು. ನಮ್ಮ ಹತ್ತಿರ ಮಾತ್ರ ಇಲ್ಲದ ತಾಳ್ಮೆ ಆ ಯಂತ್ರದ ಮುಂದೆ ಎಲ್ಲಿಂದ ಬರುತ್ತಿತ್ತೋ!

ಹೊಸದುರ್ಗದಿಂದ ಬರುತ್ತಿದ್ದ ಮೇಷ್ಟ್ರೊಬ್ಬರು ನೆನಪಿದ್ದಾರಾ? ಒಂದು ಪುಸ್ತಕದ ಮುನ್ನೂರ ಹನ್ನೆರಡನೇ ಪುಟ ಅಂತ ಅಡಿಟಿಪ್ಪಣಿ ಬರೆದಿದ್ದರು. ಓದುವ ಹುಚ್ಚಿಗೆ ನೀನು ಲೈಬ್ರರಿಯಲ್ಲಿ ಆ ಪುಸ್ತಕ ತೆಗೆಸಿದರೆ ಅದರಲ್ಲಿ ಅಷ್ಟು ಪುಟಗಳೇ ಇರಲಿಲ್ಲ. "ಟೈಪ್ ಮಾಡೋದಷ್ಟೇ ನಿನ್ ಕೆಲ್ಸ" ಎಂದು ಅವರು ರೇಗಿದರು. ನೀನು ಹಾಳೆಗಳ ಕಟ್ಟನ್ನು ಅವರ ಕೈಗಿಟ್ಟು, "ಬ್ಯಾರೆ ಕಡಿಗೆ ಹೊಡ್ಸ್ಕಳ್ರಿ ಸಾರ್, ಸುಳ್ಳು ನನ್ ಕೈಯಾಗೆ ಬ್ಯಾಡ" ಎಂದೆ. ಟೈಪಿಸ್ಟಿಗೆ ಇಷ್ಟು ಜಂಬವಾ ಎಂದು ನನಗೆ ಆಗ ಸಿಟ್ಟು ಬಂದಿತ್ತು.

ಹೋದ ವರ್ಷ ನನ್ನ ಮೊದಲ ಲೇಖನ ಸಂಶೋಧನಾ ಪತ್ರಿಕೆಯೊಂದರಲ್ಲಿ ಒಪ್ಪಿಗೆಯಾಯಿತು. ಕಾಲೇಜಿನ ಕೆಲಸ ಕಾಯಂ ಆಗಲು ಅದೊಂದು ಬೇಕಿತ್ತು. ಹೊಳಲ್ಕೆರೆ ಕಡೆಯ ಒಂದು ಹಳೆಯ ಕೆರೆಯನ್ನು ಯಾರು ಕಟ್ಟಿಸಿದರು ಎಂಬುದು ವಿಷಯ. ಏರಿಯ ಮೇಲಿನ ಶಾಸನವೇ ಆಧಾರ. ಕಲ್ಲನ್ನೇ ಓದಿದವಳ ಹಾಗೆ ಅಡಿಟಿಪ್ಪಣಿ ಹಾಕಿದ್ದೆ, ನಿಜಕ್ಕೂ ಬೇರೆಯವರ ಪುಸ್ತಕದಿಂದ ಎತ್ತಿಕೊಂಡಿದ್ದೆ. ಎಲ್ಲರೂ ಮಾಡುವುದೇ ಅದು. ಆದರೂ ನಿನ್ನ ಮುಖ ನೆನಪಾದರೆ...

ಆ ಕಲ್ಲನ್ನು ಕಣ್ಣಾರೆ ನೋಡೋಣವೆಂದು ಬಿ.ದುರ್ಗದ ಬಸ್ಸು ಹತ್ತಿದೆ. ಕೆರೆ ಏರಿಯ ಮೇಲೆ ದನ ಮೇಯಿಸುತ್ತಿದ್ದ ಅಜ್ಜ, "ಆ ಕಲ್ಲಾ? ಮುಳ್ಳಿನ್ ಪೊದೆಯಾಗೈತೆ, ಬರ್ರಿ ಅವ್ವ. ಪುಸ್ತಕ ಹಿಡ್ಕಂಡು ಇಲ್ಲಿಗ್ ಬಂದೋರ್ನ ನಾನಂತೂ ನೋಡಿಲ್ಲ" ಎಂದು ಕರೆದೊಯ್ದ. ನೀರು ಹಾಕಿ ಉಜ್ಜಿ ಓದಿದೆ. ಕಟ್ಟಿಸಿದವರ ಹೆಸರೇ ಅದರಲ್ಲಿಲ್ಲ ಅಪ್ಪಾ! ಕೆರೆಯ ನೀರು ಬಿಡುವ ತೂಬು ನೋಡಿಕೊಳ್ಳುವವರಿಗೆ ಹೊಲ ದತ್ತಿ ಬಿಟ್ಟ ಸಂಗತಿ, ಅಷ್ಟೇ. ಒಬ್ಬರು ತಪ್ಪಿದ್ದನ್ನು ಉಳಿದವರೆಲ್ಲ ನಕಲು ಮಾಡುತ್ತ ಬಂದಿದ್ದರು.

ಲೇಖನ ವಾಪಸ್ ತೆಗೆದುಕೊಂಡೆ. ಕೆಲಸ ಕಾಯಂ ಆಗಲಿಲ್ಲ. ಅಳು ಬಂತಾ ಅಂತ ಕೇಳುತ್ತೀಯಾ? ಬಂತು. ಆದರೆ ನಿನ್ನ ಮಗಳು ಎಂದು ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಈಗ ಸುದ್ದಿ ಕೇಳು. ಕಟ್ಟಿಸಿದವರನ್ನು ಬಿಟ್ಟು, ಆ ತೂಬು ಕಾಯ್ದವರ ಬಗ್ಗೆಯೇ ಹೊಸದಾಗಿ ಬರೆದೆ. ನಿನ್ನೆ ಅಚ್ಚಾಗಿ ಬಂತು. ಮೊದಲ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲು: "ಈ ಕಲ್ಲನ್ನು ನಾನೇ ಹೋಗಿ ಓದಿದ್ದೇನೆ."

ನಿನ್ನ,
ಭಾರತಿ