ಅಕ್ಕ ಕಟ್ಟಿದ ತಿರುವು

ನವೆಂಬರ್ ೯, ಭಾನುವಾರ. ಸೈಕಲ್ ರಿಪೇರಿ ಅಂಗಡಿಯ ಬೆಂಚು. ಮೈಯೆಲ್ಲ ಕೆಸರು.

ಅಕ್ಕಾ,

ಬೀಳಲಿಲ್ಲ ಕಣೇ! ಗುಡ್ಡದ ಸೈಕಲ್ ದಾರಿಯಲ್ಲಿ ನೀನು ಮಣ್ಣು ಬಡಿದು ಗೋಡೆಯಂತೆ ಎತ್ತರಿಸಿದ ತಿರುವನ್ನು ಇವತ್ತು ದಾಟಿದೆ. ನೀನು ಬದುಕಿದ್ದಾಗಲೂ, ನಿನ್ನನ್ನು ಬಿಟ್ಟರೆ ಅಲ್ಲಿ ಜಾರಿ ಪೊದೆಗೆ ಬೀಳದವರಿರಲಿಲ್ಲ. ಅಂಗಡಿಯ ಮಾವ ನಾಳೆ ಅದನ್ನು ಅಗೆದು ತಗ್ಗಿಸಲಿದ್ದಾರೆ. "ಅವಳ ಗೋಡೆ ಅವಳಿಗೇ ಸರಿ, ತಾಯಿ. ನಮ್ಮ ಸೊಂಟ ಉಳೀಬೇಕಲ್ಲ!" ಅನ್ನುತ್ತಾರೆ.

"ಬ್ರೇಕ್ ಬಿಡೇ, ಪುಕ್ಕಲಿ!" ಎಂದು ನೀನು ಕೆಳಗಿನಿಂದ ಕೂಗಿದಾಗಲೆಲ್ಲ, ಒಂದೆರಡು ಸಲ ಬಿದ್ದಿದ್ದ ನಾನು ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಇವತ್ತು ಬಿಟ್ಟೆ. ಚಕ್ರಗಳು ಮಣ್ಣಿಗೆ ಅಂಟಿಕೊಂಡವು, ಕಾಡೆಲ್ಲ ಓರೆಯಾಯಿತು, ತಿರುವು ನನ್ನನ್ನು ಎತ್ತಿ ಆಚೆಗೆ ಬಿಟ್ಟಿತು. ಎದುರಿಗೆ ಇಡೀ ಸಮುದ್ರ! ನೀನು ಆ ತಿರುವನ್ನು ವೇಗಕ್ಕೆಂದೇ ಕಟ್ಟಿದ್ದೆ. ನಾವು ಹೆದರಿ ನಿಧಾನವಾಗಿ ಹೋಗಿ ಬೀಳುತ್ತಿದ್ದೆವು. ಒಬ್ಬಳೇ ಕಿರುಚಿದೆ. ನೀನು ಕಾಯುತ್ತಾ ಕೂರುತ್ತಿದ್ದ ಬಂಡೆಯ ಕಡೆಗೂ ಒಮ್ಮೆ ನೋಡಿದೆ.

ಮಾವನಿಗೆ ಹೇಳಿದರೆ, "ಅದೃಷ್ಟ ಕಣಮ್ಮಾ, ಒಂದ್ಸಲ ಯಾರಿಗಾದ್ರೂ ಆಗುತ್ತೆ" ಎಂದು ಗುದ್ದಲಿಗೆ ಹಿಡಿ ಹಾಕುತ್ತಿದ್ದಾರೆ.

ಬೆಳಿಗ್ಗೆ ಅವರಿಗಿಂತ ಮುಂಚೆ ಗುಡ್ಡ ಹತ್ತುತ್ತೇನೆ. ಅಗೆಯಲು ಎಲ್ಲರೂ ಬಂದ ಮೇಲೆ, ಅವರ ಕಣ್ಣೆದುರೇ ಮತ್ತೆ ಇಳಿಯುತ್ತೇನೆ. ಆಮೇಲೆ ಬ್ರೇಕ್ ಬಿಟ್ಟು ಇಳಿಯುವ ಸರದಿ ಮಾವನದು.