ಚಿಗಟಕ್ಕೆ ಹೊಸಬಳು

ಪೂರಿಗಾಲಿ
16 ನವೆಂಬರ್ 2025

ಪ್ರೀತಿಯ ದೀಪಿಕ,

ಹೇಗಿದ್ದೀಯ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಿಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಫೋನ್ ಕಿತ್ತಿಟ್ಟುಕೊಳ್ಳುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಎಲ್ಲರ ಕಿವಿಗೂ ಬೀಳುತ್ತದೆ.

ಆರನೇ ಕ್ಲಾಸಿನಿಂದ ಪಿಯುಸಿ ತನಕ ಮಂಡ್ಯದ ಹಾಸ್ಟೆಲಿನಲ್ಲಿ ನಿನ್ನ ಪಕ್ಕ ಮಲಗಿಕೊಂಡು "ಡಿಗ್ರಿಗೆ ಮನೆಯಿಂದಲೇ ಹೋಗಿಬರ್ತೀನಿ, ನೋಡ್ತಿರು" ಅಂತ ಹೇಳುತ್ತಿದ್ದೆನಲ್ಲ, ಹಾಗೇ ಆಗಿದೆ. ಬೆಳಿಗ್ಗೆ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಬದಲಿಸಿ, ಭಾರತೀನಗರದ ಕಾಲೇಜು. ಸಂಜೆ ಅವ್ವನ ಕೈಯೂಟ. ಆದರೆ ಮನೆ ತುಂಬ ಚಿಗಟ.

ನಗಬೇಡ. ಮೊಣಕಾಲಿನ ಕೆಳಗೆಲ್ಲ ಕೆಂಪು ದದ್ದು, ಕೆರೆದು ಕೆರೆದು ಗಾಯವಾಗಿದೆ. ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಕಾಲು ನೋಡಿ ಸೀಟು ಬದಲಿಸಿದಳು. ಇಂಟರ್ನಲ್ಸ್ ಹತ್ತಿರ ಬಂದಿವೆ, ಪುಸ್ತಕ ಹಿಡಿದರೆ ಅಕ್ಷರಗಳೇ ನೆಗೆದ ಹಾಗೆ ಕಾಣುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ಒಂದು ದದ್ದೂ ಇಲ್ಲ. "ಚಿಗಟ ಎಲ್ಲೈತೆ? ಆಸ್ಟೆಲ್ ಮೈ ಕಣಮ್ಮ ನಿಂದು, ಧೂಳು ಆಗಾಕಿಲ್ಲ" ಅಂದರು ಅಪ್ಪ.

ನನಗೆ ರೋಷ ಬಂತು. ಸ್ಕೂಲಿನ ಬಿಳಿ ಸಾಕ್ಸ್ ಹುಡುಕಿ, ಒಂದು ಜೊತೆ ನಾನು ಹಾಕಿಕೊಂಡು, ಇನ್ನೊಂದನ್ನು ಅವ್ವನಿಗೆ ತೊಡಿಸಿ ಇಬ್ಬರೂ ನಡುಮನೆಯಲ್ಲಿ ಓಡಾಡಿದೆವು. ಇಬ್ಬರ ಸಾಕ್ಸಿನ ಮೇಲೂ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಮುಟ್ಟಿದರೆ ನೆಗೆಯುತ್ತವೆ. ನನಗಿಂತ ಅವ್ವನ ಕಾಲಿನಲ್ಲೇ ಹೆಚ್ಚು.

ಮೂಲೆಯಲ್ಲಿ ಕೂತಿದ್ದ ದೇವಿರಮ್ಮಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕೆ ಸರಿಸಿ, "ನಮ್ಮನ್ನೂ ಕಚ್ತವೆ ಕಣವ್ವ. ನಮ್ ಚರ್ಮಕ್ಕೆ ಒಗ್ಗೋಗೈತೆ. ನೀನು ಒಸಬಳು, ಅದ್ಕೇ ದದ್ದು" ಅಂದಳು.

ಈ ಮನೆಗೆ ನಾನು ಹೊಸಬಳು, ದೀಪಿ. ಚಿಗಟಕ್ಕೂ ಗೊತ್ತಾಗಿದೆ.

ಎಲ್ಲ ಅಜ್ಜಿಯ ಮೇಕೆಮರಿಯಿಂದ. ಮಾರಮ್ಮನಿಗೆ ಹರಕೆ ಹೊತ್ತು ಸಾಕಿರುವ ಮರಿ ಅದು. ಹಬ್ಬದ ತನಕ ಮಾರುವಂತಿಲ್ಲ, ಬೇರೆ ಮನೆಗೆ ಕೊಡುವಂತಿಲ್ಲ. ಊರಂಚಿಗೆ ಚಿರತೆ ಬಂದು ಹೋದಮೇಲೆ ಹೊರಗೆ ಕಟ್ಟುವಂತೆಯೂ ಇಲ್ಲ. ನಡುಮನೆಯಲ್ಲೇ ಮಂಕರಿ ಬುಟ್ಟಿ ಮುಚ್ಚಿ ಮಲಗಿಸುತ್ತಾರೆ. ಅಜ್ಜಿ ಬೇವಿನ ನೀರಿನಲ್ಲಿ ಅದರ ಮೈ ತೊಳೆದಳು, ಅವ್ವ ಹೊಗೆ ಹಾಕಿದಳು, ಅಪ್ಪ ಮಳವಳ್ಳಿಯಿಂದ ಔಷಧಿ ತಂದು ಹೊಡೆದರು. ಸ್ವಲ್ಪ ದಿನ ಕಡಿಮೆಯಾಗಿ ಮತ್ತೆ ಅಷ್ಟೇ.

ನಿನ್ನೆ ಊಟಕ್ಕೆ ಕೂತಾಗ ಅವ್ವ ಅಂದಳು: "ಮಗಳ ಕಾಲು ನೋಡಾಕಾಗಲ್ಲ. ಆ ಮರೀನ ಏನಾದ್ರೂ ಮಾಡಿ."

"ಅರಕೆ ಮರೀನ ಏನ್ ಮಾಡಾಕಾಯ್ತದೆ?" ಅಪ್ಪ ನನ್ನ ಕಡೆ ನೋಡದೆ ಮುದ್ದೆ ಮುರಿಯುತ್ತ ಹೇಳಿದರು. "ಭಾರತೀನಗರದ ಆಸ್ಟೆಲ್‌ನಾಗೆ ಸೀಟೈತಂತೆ. ವಾರ್ಡನ್‌ಗೆ ಯೋಳಿವ್ನಿ. ಅಬ್ಬ ಮುಗಿಯೋಗಂಟ ಅಲ್ಲಿರ್ಲಿ. ಅವಳಿಗೆ ಅಭ್ಯಾಸ ಐತಲ್ಲ."

ಇಲ್ಲೇ ಇರ್ತೀನಿ ಅನ್ನಲು ಬಾಯಿ ತೆರೆದೆ. "ಆಯ್ತಪ್ಪ" ಅಂತ ಬಂತು. ಅವ್ವ ಏನಾದರೂ ಅಂದಾಳು ಅಂತ ಕಾದೆ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು, ಅಷ್ಟೇ. ನಾಳೆ ಹೊರಡಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವಿ ಅವ್ವನೇ ಸುತ್ತಿಟ್ಟಿದ್ದಾಳೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನೈಟ್ ಡ್ಯೂಟಿ ಅಂತ ಭಯಪಡಬೇಡ, ನಿನಗೆ ಒಳ್ಳೆಯದಾಗಲಿ. ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ
ನಾಗಶ್ರೀ

ಮರೆತಿದ್ದೆ: ಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಅಜ್ಜಿಯನ್ನು ಈಗಷ್ಟೇ ಕೇಳಿದೆ, ಈ ಹರಕೆ ಯಾತಕ್ಕೆ ಅಂತ. "ನೀನು ಆಸ್ಟೆಲ್ ಬುಟ್ಟು ಮನೇಲಿ ಬಂದಿರ್ಲಿ ಅಂತ ಕಣವ್ವ. ಬಂದ್ಯಲ್ಲ, ಮಾರವ್ವ ನಡೆಸ್ಕೊಟ್ಲು" ಅಂದಳು. ನಾಳೆ ಹೋಗ್ತಿದ್ದೀನಲ್ಲಜ್ಜಿ ಅಂದೆ. ಅಜ್ಜಿ ಮರಿಯ ಬೆನ್ನು ಸವರುತ್ತ, "ಓಗ್ಬುಟ್ಟು ಬಾ. ಇದೆಲ್ಲೂ ಓಗಾಕಿಲ್ಲ" ಅಂದಳು.