ಹಿಂದಕ್ಕೆ ಹೋದ ಎಡಗಾಲು

ಊದ್ ಮೇಥಾ, ದುಬೈ, ಶನಿವಾರ

ಮಾನ್ಯ ಡೆನಿಸ್ ಮಾಸ್ಟರ್‌ಗೆ,

ಹಳೆಯ ಟೇಕ್ವಾಂಡೋ ಫೆಡರೇಶನ್ ಬಿಟ್ಟು ನೀವು ನಿಮ್ಮದೇ ಒಂದನ್ನು ಕಟ್ಟಿದಾಗ ನಾವು ನಿಮ್ಮ ಜೊತೆ ಬಂದೆವು. ಮಗಳ ಯೂನಿಫಾರ್ಮಿನ ಹಳೆಯ ಬ್ಯಾಡ್ಜ್ ಬಿಚ್ಚಿ ಹೊಸದನ್ನು ಹೊಲಿದವಳು ನಾನೇ. ಗೋಡೆಯಲ್ಲಿದ್ದ ಕೊರಿಯಾದ ಸ್ಥಾಪಕರ ಫೋಟೋ ಹೋಗಿ ನಿಮ್ಮದು ಬಂತು. ಮಕ್ಕಳು ಅದಕ್ಕೂ ತಲೆಬಾಗಿದರು.

"ಅವರದ್ದಕ್ಕೂ ನಮ್ಮದಕ್ಕೂ ಒಂದು ಡಿಫರೆನ್ಸ್ ಬೇಕಲ್ಲ ಮಾರಾಯ್ರೆ?" ಎಂದು ಮಕ್ಕಳು ಬಾಯಿಪಾಠದಂತೆ ಕಲಿತಿದ್ದ ಹೊಡೆತ-ತಡೆಗಳ ಪ್ಯಾಟರ್ನಿನ ಕೊನೆಯ ಹೆಜ್ಜೆಯನ್ನೂ ಬದಲಿಸಿದಿರಿ. ಹಿಂದಕ್ಕೆ ಹೋಗುತ್ತಿದ್ದ ಎಡಗಾಲು ಈಗ ಮುಂದಕ್ಕೆ ಹೋಗಬೇಕು. ನಿನ್ನೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯಲ್ಲಿ ಡೆಬೊರಾಳ ಕಾಲು ಅಭ್ಯಾಸಬಲದಿಂದ ಹಿಂದಕ್ಕೇ ಹೋಯಿತು. "ಖಲಾಸ್, ಫೇಲ್," ಎಂದಿರಿ. ಅವಳು ನನ್ನ ಪಕ್ಕ ಬಂದು ಕುಳಿತು, "ಮಮ್ಮಿ, ಹೀ ಓನ್ಲಿ ಟಾಟ್ ಮಿ ದಟ್," ಎಂದು ಅತ್ತಳು.

ಆಮೇಲೆ ಚಿಕ್ಕ ಮಕ್ಕಳಿಗೆ ತೋರಿಸಲೆಂದು ನೀವೇ ಕಣ್ಣು ಮುಚ್ಚಿ ಅದೇ ಪ್ಯಾಟರ್ನ್ ಮಾಡಿದಿರಲ್ಲ, ಬಹಳ ಚೆನ್ನಾಗಿತ್ತು. ನಿಮ್ಮ ಎಡಗಾಲೂ ಹಿಂದಕ್ಕೇ ಹೋಯಿತು, ಮಾಸ್ಟರ್. ಎಲ್ಲರೂ ಚಪ್ಪಾಳೆ ತಟ್ಟಿದರು.

ದಯವಿಟ್ಟು ಅವಳಿಗೆ ಬೆಲ್ಟ್ ಕೊಡಿ. ಇಲ್ಲವಾದರೆ ನಿಮ್ಮದನ್ನೂ ಬಿಚ್ಚಿಡಿ.

ಇಂತು,
ಡೆಬೊರಾಳ ತಾಯಿ
ಫೆಲ್ಸಿ